ಮುಂದೂಡಿದರೆ ಹಿಂಸೆ ಕಡಿಮೆಯಾದೀತೆ?

ಶಿಶುಗಳಿಗೆ ಕಾಲಕಾಲಕ್ಕೆ ಹಾಕಿಸಬೇಕಾದ ಲಸಿಕೆಯನ್ನು ಬೇಡವೇ ಬೇಡ ಎನ್ನುವವರು ನಮ್ಮ ಸಮಾಜದಲ್ಲಿ ವಿರಳ. ಆದರೆ ‘ಈಗಲೇ ಬೇಡ’ ಎನ್ನುವವರು ಶಿವಮೊಗ್ಗೆಯಲ್ಲಿಯೂ ಇದ್ದಾರೆ, ಭದ್ರಾವತಿಯಲ್ಲಿಯೂ ಇದ್ದಾರೆ. ಕೂಸು ಇನ್ನೂ ಎಳೆಯದು, ಸ್ವಲ್ಪ ಮೈ ಹಿಡಿಯಲಿ ಎಂದು ಅಜ್ಜಿ. ಒಂದೇ ದಿನ ಇಷ್ಟೊಂದು ಸೂಜಿ ಏಕೆ ಎಂದು ತಂದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ತವರಿನವರು. ಎರಡು ಊರುಗಳ ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನಷ್ಟು ಹಾದಿ. ತಾಯಿ ಕಾರ್ಡು ಒಂದು ಊರಿನಲ್ಲಿ, ಮಗು ಇನ್ನೊಂದು ಊರಿನಲ್ಲಿ ಉಳಿದು ತಿಂಗಳುಗಳು ಕಳೆಯುತ್ತವೆ. ಇದನ್ನು ಉದಾಸೀನವೆಂದು ಒಪ್ಪಿಕೊಂಡಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಉದಾಸೀನಕ್ಕೆ ಅಹಿಂಸೆಯ ಹೆಸರನ್ನು ಕೊಡುತ್ತಿರುವುದಕ್ಕೆ ನನ್ನ ಆಕ್ಷೇಪಣೆ.

ಲಸಿಕೆಗಳಲ್ಲಿ ಪ್ರಾಣಿಜನ್ಯ ವಸ್ತುವಿದೆ ಎಂಬುದು ಅವರ ಮೊದಲ ಮಾತು. ಇದೆ, ಮರೆಮಾಚಬೇಕಾದುದೇನೂ ಇಲ್ಲ. ದಡಾರ-ರುಬೆಲ್ಲಾ ಲಸಿಕೆ ಕೆಡದಂತೆ ಜೆಲಟಿನ್ ಬೆರೆಸುತ್ತಾರೆ. ಕೆಲವು ಲಸಿಕೆಗಳ ವೈರಾಣುವನ್ನು ಪ್ರಾಣಿಗಳಿಂದ ದಶಕಗಳ ಹಿಂದೆ ಪಡೆದು ಬೆಳೆಸಿಕೊಂಡು ಬಂದಿರುವ ಜೀವಕೋಶಗಳಲ್ಲಿ ವೃದ್ಧಿಪಡಿಸುತ್ತಾರೆ. ಆ ಕೋಶಗಳ ಪೋಷಣೆಗೆ ಕರುವಿನ ರಕ್ತದ್ರವವೂ ಬಳಕೆಯಲ್ಲಿದೆ. ಸೂಕ್ಷ್ಮಮನಸ್ಸಿನ ಶ್ರಾವಕನಿಗೆ ಇದರಿಂದ ಅಳುಕುಂಟಾಗುವುದು ಸಹಜ, ಅಳುಕದಿದ್ದರೇ ಆಶ್ಚರ್ಯ. ಪ್ರಾಣಿಜನ್ಯ ವಸ್ತುವಿಲ್ಲದೆ ಲಸಿಕೆ ತಯಾರಿಸಿರೆಂದು ತಯಾರಕರನ್ನೂ ಸರಕಾರವನ್ನೂ ನಮ್ಮ ಸಂಸ್ಥೆಗಳು ಒತ್ತಾಯಿಸಲಿ. ಅದು ನ್ಯಾಯವಾದ ಕೆಲಸ. ಆದರೆ ಒಂಬತ್ತನೆಯ ತಿಂಗಳಿನಲ್ಲಿ ಹಾಕಿಸಬೇಕಾದುದನ್ನು ಎರಡನೆಯ ವರ್ಷಕ್ಕೆ ಮುಂದೂಡಿದರೆ ಆ ಜೆಲಟಿನ್ ಅಣುವಿನಷ್ಟಾದರೂ ಕಡಿಮೆಯಾಯಿತೇ? ಅದೇ ಸೀಸೆ, ಅದೇ ದ್ರವ. ಪ್ರಾಣಿಯ ಲೆಕ್ಕದಲ್ಲಿ ಎಳ್ಳಷ್ಟೂ ಉಳಿತಾಯವಿಲ್ಲ. ಮಗುವಿನ ಲೆಕ್ಕದಲ್ಲಿ ಮಾತ್ರ ಹದಿನೈದು ತಿಂಗಳ ಅಪಾಯ ಸೇರಿಕೊಂಡಿತು.

ಗೃಹಸ್ಥನಿಗೆ ಆಚಾರ್ಯರು ವಿಧಿಸಿರುವುದು ಅಣುವ್ರತ, ಮಹಾವ್ರತವಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಬುದ್ಧಿಪೂರ್ವಕವಾದ ಸಂಕಲ್ಪೀ ಹಿಂಸೆಯನ್ನು ಆತನು ಸರ್ವಥಾ ಬಿಡಬೇಕೆಂದರು. ಉಳಿದವುಗಳಲ್ಲಿ ಯತ್ನಾಚಾರವನ್ನು ಬಯಸಿದರು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಮಗುವಿನ ಪ್ರಾಣರಕ್ಷಣೆಗೆ ಕೊಡಿಸುವ ಔಷಧದಲ್ಲಿ ಸಂಕಲ್ಪೀ ಹಿಂಸೆ ಎಲ್ಲಿದೆ? ಸಾಧನವು ಕೈಗೆಟುಕುವಂತಿದ್ದೂ ಆಲಸ್ಯದಿಂದ ಕೊಡಿಸದೆ ಹೋದುದಕ್ಕೆ ಪ್ರಮಾದವಲ್ಲದೆ ಬೇರೆ ಹೆಸರೂ ಇಲ್ಲ.

ವಿಳಂಬದಿಂದ ಆಗುವ ನಷ್ಟವೇನೆಂದು ಕೇಳುವವರು ವೇಳಾಪಟ್ಟಿಯನ್ನು ಒಮ್ಮೆ ಓದಬೇಕು. ಹೆಪಟೈಟಿಸ್-ಬಿಯ ಮೊದಲ ಲಸಿಕೆಯನ್ನು ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕು. ತಾಯಿಯಿಂದ ಹೆರಿಗೆಯ ವೇಳೆಗೆ ಆ ಸೋಂಕು ತಗಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತರಲ್ಲಿ ಅದು ದೀರ್ಘಕಾಲದ ರೋಗವಾಗಿ ನೆಲೆಸಿಬಿಡುತ್ತದೆ. ಮುಂದೆ ಯಕೃತ್ತನ್ನು ಕೆಡಿಸುತ್ತದೆ. ನಾಯಿಕೆಮ್ಮು ದೊಡ್ಡವರಿಗೆ ಪೀಡೆ, ಆರು ತಿಂಗಳೊಳಗಿನ ಕೂಸಿಗೆ ಮೃತ್ಯು. ಆದುದರಿಂದಲೇ 6, 10 ಮತ್ತು 14ನೆಯ ವಾರವೆಂದು ಇಟ್ಟಿದ್ದಾರೆ. ‘ಮೈ ಹಿಡಿಯಲಿ’ ಎಂದು ಕಾಯುವ ತಿಂಗಳುಗಳೇ ಆ ರೋಗದ ಸುಗ್ಗಿಯ ತಿಂಗಳುಗಳು. ರೋಟಾವೈರಸ್ ಲಸಿಕೆಯನ್ನು ಮೊದಲ ವರ್ಷದೊಳಗೆ ಆರಂಭಿಸದಿದ್ದರೆ ಆಮೇಲೆ ಕೇಳಿದರೂ ಕೊಡುವುದಿಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2016ರಲ್ಲಿ ಗಂಟಲಮಾರಿ ಮರುಕಳಿಸಿ ಹದಿಹರೆಯದವರನ್ನು ಬಲಿ ತೆಗೆದುಕೊಂಡಿತು. ಲಸಿಕೆ ಪೂರ್ಣವಾಗದ ಮಕ್ಕಳಿದ್ದ ಮನೆಗಳನ್ನು ಅದು ಹುಡುಕಿಕೊಂಡು ಹೋಯಿತು.

ಲಸಿಕೆಯ ನಂತರ ಒಂದೆರಡು ದಿನ ಜ್ವರ, ಸೂಜಿ ಚುಚ್ಚಿದೆಡೆ ಬಾವು ಬರುವುದುಂಟು. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸುಗಳಿಗೆ ಒಂದರ ಆಸುಪಾಸು. ಅರ್ಧ ಗಂಟೆ ಕೂರಿಸಿಕೊಳ್ಳುವುದು ಅದಕ್ಕಾಗಿಯೇ. ಮಗುವಿಗೆ ತೀವ್ರವಾದ ಅಸ್ವಸ್ಥತೆಯಿದ್ದರೆ ವೈದ್ಯರೇ ದಿನ ಮುಂದೆ ಹಾಕುತ್ತಾರೆ. ಅದು ವೈದ್ಯರ ನಿರ್ಣಯ, ನೆಗಡಿಯ ನೆಪವಲ್ಲ.

ಎಲ್ಲರ ಮಕ್ಕಳೂ ಹಾಕಿಸಿಕೊಂಡಿದ್ದಾರೆ, ನಮ್ಮದೊಂದು ತಡವಾದರೇನು ಎಂಬ ಮಾತನ್ನೂ ಕೇಳಿದ್ದೇನೆ. ಈ ಮಾತು ಅಚೌರ್ಯವ್ರತಕ್ಕೆ ಎಷ್ಟು ಹೊಂದುತ್ತದೆಯೋ ಆಡುವವರೇ ಯೋಚಿಸಲಿ. ನೆರೆಮನೆಯ ಕೂಸು ನೋವುಂಡು ಗಳಿಸಿದ ರಕ್ಷಣೆಯ ನೆರಳಿನಲ್ಲಿ ನಮ್ಮ ಕೂಸನ್ನು ಪುಕ್ಕಟೆಯಾಗಿ ಮಲಗಿಸುತ್ತಿದ್ದೇವೆ. ದಡಾರ ಹರಡದಿರಲು ನೂರರಲ್ಲಿ 95 ಮಂದಿಗಾದರೂ ರಕ್ಷಣೆಯಿರಬೇಕು. ಒಂಬತ್ತು ತಿಂಗಳಾಗದ ಕೂಸುಗಳಿಗೆ ಬೇರೆ ಆಸರೆಯೇ ಇಲ್ಲ.

ಮಲೆನಾಡಿನವರಾದ ನಮಗೆ ಲಸಿಕೆಯಿಲ್ಲದ ಬಾಳು ಎಂತಹುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಕೊಂಡೊಯ್ದಾಗ, ಲಸಿಕೆ ಏಕೆ ತಡವಾಯಿತೆಂದು ಸರಕಾರವನ್ನು ಪ್ರಶ್ನಿಸಿದವರು ನಾವು. ಆ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಕಂಡು ಮುಂದೆ ಅದನ್ನು ನಿಲ್ಲಿಸಬೇಕಾಯಿತು. ಸರಕಾರ ತಡಮಾಡಿದರೆ ಅಪರಾಧ, ನಾವು ತಡಮಾಡಿದರೆ ವಿವೇಕ! ಇದಾವ ನ್ಯಾಯ?

2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನ ವದಂತಿಗಳು ಅನೇಕ ಪಾಲಕರನ್ನು ಹೆದರಿಸಿದವು. ಬಿಡಿಬಿಡಿಯಾಗಿ, ನಿಧಾನವಾಗಿ ಹಾಕಿಸಿ ಎಂಬ ಉಪದೇಶದ ಬೇರು ದೂರದ್ದು. ಹನ್ನೆರಡು ಮಕ್ಕಳನ್ನು ನೋಡಿ 1998ರಲ್ಲಿ ದಡಾರದ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್ ಆಗ ಹೇಳಿದ್ದು ಇದನ್ನೇ. ಆ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಮೂಲವೇ ತಿರಸ್ಕೃತವಾದ ಮಾತನ್ನು ನಾವು ಧರ್ಮಸೂಕ್ಷ್ಮವೆಂದು ಹೊತ್ತುಕೊಂಡಿದ್ದೇವೆ.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಆಯವ್ಯಯದಲ್ಲಿ ಸಿಗುವ ಪಾಲು ಅತ್ಯಲ್ಪ. ಮಗುವನ್ನು ನಲವತ್ತೈದನೆಯ ದಿನ ಬಸದಿಗೆ ಕರೆತಂದು ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿಸುವ ರೂಢಿ ಅನೇಕ ಮನೆಗಳಲ್ಲಿದೆ. ಆರನೆಯ ವಾರದ ಲಸಿಕೆಗೆ ನಲವತ್ತೆರಡನೆಯ ದಿನ. ಅಂದು ಬಸದಿಯಲ್ಲಿ ತಾಯಿ ಕಾರ್ಡನ್ನು ಒಮ್ಮೆ ಕೇಳಿ ನೋಡಿ. ತಪ್ಪಿಹೋಗಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದೆಂದು ತಿಳಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಗಳು ಉಚಿತ. ಹೋಗಿಬರುವ ಖರ್ಚು ಹೊರಲಾಗದ ಮನೆಯಿದ್ದರೆ ಆಟೋ ಬಾಡಿಗೆಯನ್ನು ಟ್ರಸ್ಟು ಕೊಡಲಿ.