ಹೋಟೆಲ್ ಕಂಪೆನಿಗಳ ದಾನ: ಕೊಡುವುದು ಯಾರಿಗೆ, ಉಳಿಸಿಕೊಳ್ಳುವುದು ಯಾರದನ್ನು?

ಹೋಟೆಲ್ ಕಂಪೆನಿಯೊಂದರ ನೌಕರರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಸರಕಾರಿ ಶಾಲೆಯ ಗೋಡೆಗೆ ಸುಣ್ಣ ಬಳಿಯುವ, ಮಕ್ಕಳ ಕೈಗೆ ಚೀಲ ಕೊಟ್ಟು ಕ್ಯಾಮರಾದತ್ತ ಮುಖ ಮಾಡುವ ಚಿತ್ರಗಳನ್ನು ಪತ್ರಿಕೆಗಳ ಒಳಪುಟಗಳಲ್ಲಿ ನಾವು ಆಗಾಗ ಕಾಣುತ್ತೇವೆ. ನೋಡಲು ಹಿತವಾದ ಚಿತ್ರಗಳವು. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಓದುಗರು ಅವನ್ನು ಇನ್ನೊಂದು ಬಗೆಯಲ್ಲೂ ನೋಡಬೇಕಾಗುತ್ತದೆ. ಆ ಶಾಲೆ ಸಾಮಾನ್ಯವಾಗಿ ನಮ್ಮ ಊರಿನದ್ದಲ್ಲ. ಆದರೆ ಅಂಥ ಹೋಟೆಲಿನ ಹಿಂಬಾಗಿಲಲ್ಲಿ ತಟ್ಟೆ ತೊಳೆಯುವ, ಬೆಳಗಿನ ಜಾವಕ್ಕೆ ಮೊದಲೇ ಎದ್ದು ಈರುಳ್ಳಿ ಹೆಚ್ಚುವ ಹುಡುಗ ನಮ್ಮ ಊರಿನವನಾಗಿರಬಹುದು. ದುಡಿಮೆ ಇಲ್ಲಿಂದ ಹೊರಟು ಹುಬ್ಬಳ್ಳಿ, ಬೆಂಗಳೂರು, ಗೋವಾಗಳನ್ನು ಸೇರುತ್ತದೆ. ದಾನ ಮಾತ್ರ ಹೋಟೆಲಿನ ಗೇಟಿನಿಂದ ಕೂಗಳತೆಯಷ್ಟು ದೂರ ನಡೆದು ನಿಂತುಬಿಡುತ್ತದೆ.

ಇದೇಕೆ ಹೀಗೆ ಎಂದು ಕೇಳುವ ಮುನ್ನ, ಇದನ್ನು ದಾನವೆಂದು ಕರೆಯುವುದು ಎಷ್ಟು ಸರಿ ಎಂದು ಕೇಳಬೇಕಾಗಿದೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ ಅಥವಾ 1000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು. ಅಂಥ ಕಂಪೆನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆಂದು ವ್ಯಯಿಸಬೇಕು. ದೇಶದ ಕಂಪೆನಿಗಳೆಲ್ಲ ಸೇರಿ ಹೀಗೆ ವ್ಯಯಿಸುವ ಮೊತ್ತ ಈಗ ವರ್ಷಕ್ಕೆ 25 ಸಾವಿರ ಕೋಟಿ ರೂಪಾಯಿಯನ್ನು ದಾಟಿದೆ. ಕಾನೂನು ಕೊಡಿಸಿದ್ದನ್ನು ಕೊಟ್ಟವನಿಗೆ ಹಾರ ಹಾಕಿ, ವೇದಿಕೆಯ ಮೇಲೆ ಕೂರಿಸಿ, ಮಕ್ಕಳಿಂದ ಕೃತಜ್ಞತಾ ಗೀತೆ ಹಾಡಿಸುವುದನ್ನು ಏನೆನ್ನಬೇಕು? ತೆರಿಗೆ ಕಟ್ಟಿದ್ದಕ್ಕಾಗಿ ಯಾರಾದರೂ ಸನ್ಮಾನ ಮಾಡಿಸಿಕೊಳ್ಳುತ್ತಾರೆಯೇ? ಝಕಾತ್‌ನ ಪರಿಚಯವಿರುವ ಮನೆಗಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಝಕಾತ್ ಬಡವನ ಹಕ್ಕು. ಅದನ್ನು ಕೊಡುವವನು ಋಣ ತೀರಿಸುತ್ತಾನೆಯೇ ಹೊರತು ಉಪಕಾರ ಮಾಡುವುದಿಲ್ಲ. ಅದೂ ವರ್ಷ ತುಂಬಿದ ಸಂಪತ್ತಿನ ಶೇ. 2.5. ಕಂಪೆನಿಯದು ಸಂಪತ್ತಿನ ಮೇಲಿನ ಲೆಕ್ಕವಲ್ಲ, ಲಾಭದ ಮೇಲಿನ ಶೇ. 2. ಹೋಲಿಕೆ ಪೂರ್ತಿಯಾಗಿ ಕೂಡುವುದಿಲ್ಲ, ನಿಜ. ಆದರೆ ಕೊಡುವವನ ಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಅಳೆಯಲು ಅಷ್ಟು ಸಾಕು.

ಇನ್ನು ಹಣ ನಿಲ್ಲುವ ಜಾಗದ ಮಾತು. ಕಂಪೆನಿ ತಾನು ವ್ಯವಹರಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಅದೇ ಕಲಮು ಹೇಳುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಪರಿಣಾಮ ಮಾತ್ರ ಬೇರೆ. ಐಷಾರಾಮಿ ಹೋಟೆಲು ಎಲ್ಲಿದೆಯೋ ಅಲ್ಲಿ ಹಣವಿದೆ. ಎಲ್ಲಿ ಹಣವಿದೆಯೋ ಅಲ್ಲಿಯೇ ದಾನವೂ ಸುತ್ತುತ್ತದೆ. ಹಾವೇರಿ ಜಿಲ್ಲೆಯ ಹೆದ್ದಾರಿ ಬದಿಯ ಖಾನಾವಳಿಗೋ ಲಾಡ್ಜಿಗೋ 5 ಕೋಟಿಯ ಲಾಭವೆಲ್ಲಿಂದ ಬರಬೇಕು? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ನಮ್ಮ ಈ ನಾಲ್ಕೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. 2018ರಲ್ಲಿ ಕೇಂದ್ರ ಸರಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿಗಳು ಸೇರಿದವು, ಹಾವೇರಿ ಸೇರಲಿಲ್ಲ. ಹೀಗೆ ಶ್ರೀಮಂತ ನಗರದ ನೆರಳೂ ಇಲ್ಲ, ತೀರಾ ಬಡ ಜಿಲ್ಲೆಯೆಂಬ ಮುದ್ರೆಯೂ ಇಲ್ಲ. ಮುಖ್ಯಮಂತ್ರಿಯೊಬ್ಬರು 2021ರಿಂದ 2023ರವರೆಗೆ ಶಿಗ್ಗಾವಿಯ ಶಾಸಕರೇ ಆಗಿದ್ದರೆಂಬುದೂ ಈ ಸ್ಥಿತಿಯನ್ನು ಬದಲಿಸಲಿಲ್ಲ.

'ನಾವೇನು ಮಾಡೋಣ, ಕಾನೂನೇ ಸ್ಥಳೀಯವೆನ್ನುತ್ತದೆ' ಎಂಬ ಉತ್ತರವನ್ನು ಕಂಪೆನಿಗಳು ಇನ್ನು ಮುಂದೆ ಕೊಡುವಂತಿಲ್ಲ. ಸ್ಥಳೀಯ ಆದ್ಯತೆಯೆಂಬುದು ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲವೆಂದು ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಅಷ್ಟಕ್ಕೂ ಹೋಟೆಲಿಗೆ 'ಸ್ಥಳೀಯ' ಎಂದರೆ ಯಾವುದು? ಕಟ್ಟಡ ನಿಂತ ಬಡಾವಣೆಯೇ, ಅಥವಾ ಆ ಕಟ್ಟಡವನ್ನು ನಡೆಸುವ ಕೈಗಳು ಹುಟ್ಟಿದ ಊರೇ? ಬೆಂಗಳೂರಿನ ಹೋಟೆಲೊಂದರ ಪಾತ್ರೆ ತೊಳೆಯುವ ಕೋಣೆಯಲ್ಲಿ ಹಾನಗಲ್ಲಿನ ನಾಲ್ವರು ಹುಡುಗರಿದ್ದರೆ ಆ ಹೋಟೆಲಿಗೆ ಹಾನಗಲ್ಲೂ ಸ್ಥಳೀಯವೇ.

ನ್ಯಾಯವಾಗಿ ಮಾತಾಡೋಣ. ಹೋಟೆಲ್ ಉದ್ಯಮದಲ್ಲಿ ಒಳ್ಳೆಯದು ನಡೆದೇ ಇಲ್ಲವೆಂದು ನಾವು ಹೇಳುವುದಿಲ್ಲ. 2008ರ ನವೆಂಬರ್‌ನ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನ ನೌಕರರು ಅತಿಥಿಗಳನ್ನು ಪಾರುಮಾಡುತ್ತಲೇ ಪ್ರಾಣ ತೆತ್ತರು. ಆ ಬಳಿಕ ಸ್ಥಾಪನೆಯಾದ ತಾಜ್ ಸಾರ್ವಜನಿಕ ಸೇವಾ ಕಲ್ಯಾಣ ಟ್ರಸ್ಟ್ ತನ್ನ ನೌಕರರಿಗಷ್ಟೇ ಸೀಮಿತವಾಗದೆ ಸಾಮಾನ್ಯ ಸಂತ್ರಸ್ತರಿಗೂ ನೆರವು ನೀಡಿತು. 2020ರ ಕೊರೋನಾ ದಿಗ್ಬಂಧನದಲ್ಲಿ ಅದೇ ಸಮೂಹ ಆಸ್ಪತ್ರೆಗಳ ವೈದ್ಯರು, ದಾದಿಯರಿಗೆ ಊಟ ಕಳುಹಿಸಿತು, ಕೋಣೆಗಳನ್ನು ಬಿಟ್ಟುಕೊಟ್ಟಿತು. ಇದನ್ನು ಮೆಚ್ಚಲು ಹಿಂಜರಿಕೆ ಬೇಕಿಲ್ಲ. ಆದರೆ ಅದೇ 2020ರಲ್ಲಿ ಸಾವಿರಾರು ಸಣ್ಣ ದೊಡ್ಡ ಹೋಟೆಲುಗಳು ಬಾಗಿಲು ಹಾಕಿದಾಗ, ಗಂಟುಮೂಟೆ ಹೊತ್ತು ಊರಿಗೆ ಮರಳಿದ ಹುಡುಗರ ಕಿಸೆಯಲ್ಲಿ ಎಷ್ಟು ತಿಂಗಳ ಸಂಬಳವಿತ್ತು ಎಂದು ಯಾರು ಕೇಳಿದರು? ಅವರಲ್ಲಿ ಬಹುಮಂದಿಯ ಬಳಿ ತಾವು ಅಲ್ಲಿ ದುಡಿದೆವೆಂದು ತೋರಿಸಲು ಒಂದು ತುಂಡು ಕಾಗದವೂ ಇರಲಿಲ್ಲ.

ನೌಕರರ ಸ್ವಯಂಸೇವೆಯ ಕುರಿತೂ ಒಂದು ಮಾತು ಇದೆ. ನೌಕರರು ಸೇವಾ ಕಾರ್ಯದಲ್ಲಿ ತೊಡಗುವುದನ್ನು ಸರಕಾರ ಪ್ರೋತ್ಸಾಹಿಸುತ್ತದೆ, ಆದರೆ ಅವರ ಉಚಿತ ದುಡಿಮೆಗೆ ಬೆಲೆ ಕಟ್ಟಿ ಅದನ್ನು ಹೊಣೆಗಾರಿಕೆಯ ವೆಚ್ಚವೆಂದು ತೋರಿಸುವಂತಿಲ್ಲ. 2016ರ ಜನವರಿಯ ಸುತ್ತೋಲೆಯಲ್ಲೇ ಈ ಮಾತಿದೆ. ಒಳ್ಳೆಯ ನಿಯಮ. ನಮ್ಮ ಸಂದೇಹವಿರುವುದು ಅದರಾಚೆಗೆ. ಭಾನುವಾರ ಬೆಳಗ್ಗೆ ಶಾಲೆಯ ಗೋಡೆಗೆ ಬಣ್ಣ ಬಳಿಯುವ ಆ ಹುಡುಗ ಕೆಲಸದ ಅವಧಿಯಲ್ಲಿದ್ದಾನೆಯೇ, ಅಥವಾ ವಾರಕ್ಕೊಮ್ಮೆ ಸಿಗುವ ರಜೆಯನ್ನು ಕೊಟ್ಟು ಬಂದಿದ್ದಾನೆಯೇ? ಬರಲಾರೆನೆಂದರೆ ಅವನ ಮೇಲ್ವಿಚಾರಕನ ಮುಖ ಹೇಗಿರುತ್ತದೆ? ಬಲವಂತದ ಸೇವೆಗೆ ಕನ್ನಡದಲ್ಲಿ ಹಳೆಯದೊಂದು ಹೆಸರಿದೆ: ಬಿಟ್ಟಿ. ದಾನ ಮಾಡುವವನು ತನ್ನದನ್ನು ಕೊಡಬೇಕು. ತನ್ನ ಆಳಿನ ವಿಶ್ರಾಂತಿಯನ್ನು ಕೊಡಿಸಿ ತಾನು ಹೆಸರು ಪಡೆಯುವುದು ದಾನವಾಗುವುದಿಲ್ಲ.

ಸವಣೂರಿನ ಜನ 2010ರ ಜುಲೈಯನ್ನು ಮರೆತಿರಲಾರರು. ಅಲ್ಲಿನ ಪೌರಕಾರ್ಮಿಕ ಕುಟುಂಬದವರು ತಾವು ತಲೆಮಾರುಗಳಿಂದ ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇಡೀ ನಾಡು ತಲೆತಗ್ಗಿಸಿತು. ಸವಣೂರೆಂಬ ಹೆಸರು ವಾರಗಟ್ಟಲೆ ಸುದ್ದಿಯಲ್ಲಿತ್ತು. ಅವರು ಕಂಬಳಿ ಕೇಳಿದರೇ? ಒಂದು ಹೊತ್ತಿನ ಊಟದ ಪೊಟ್ಟಣ ಕೇಳಿದರೇ? ತಮ್ಮ ನೆಲೆಯನ್ನು ಕೇಳಿದರು, ಮನುಷ್ಯರಂತೆ ಬದುಕುವ ಅವಕಾಶವನ್ನು ಕೇಳಿದರು. ಬಡವರಿಗೆ ಏನು ಬೇಕೆಂಬುದನ್ನು ಬಡವರನ್ನೇ ಕೇಳದೆ ನಿರ್ಧರಿಸುವವರೆಲ್ಲ ಅಂದಿನ ಸವಣೂರನ್ನು ಒಮ್ಮೆ ನೆನೆಯುವುದೊಳಿತು.

ಹೋಟೆಲಿನ ವಿಷಯದಲ್ಲಿ ಕೇಳಬೇಕಾದದ್ದು ಇನ್ನೂ ಸರಳವಾಗಿದೆ. ಸ್ವಂತ ನೌಕರರಿಗೆ ಹಾಗೂ ಅವರ ಕುಟುಂಬಕ್ಕೆ ಮಾತ್ರ ಪ್ರಯೋಜನವಾಗುವ ಕೆಲಸವನ್ನು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಸೇರಿಸುವಂತಿಲ್ಲವೆಂದು ನಿಯಮ ಹೇಳುತ್ತದೆ. ಅರ್ಥವೇನು? ನೌಕರನಿಗೆ ಕೊಡಬೇಕಾದದ್ದು ದಾನದ ಖಾತೆಯದ್ದಲ್ಲ, ಅದು ಅದಕ್ಕೂ ಮೊದಲಿನ ಖಾತೆ. ಹೋಟೆಲ್ ಉದ್ಯಮಕ್ಕೆ ರಾಜ್ಯ ಸರಕಾರ ಕನಿಷ್ಠ ವೇತನ ನಿಗದಿಪಡಿಸುತ್ತ ಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಸಿಗಬೇಕು. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಗಂಭೀರ ತಕರಾರುಗಳಿವೆ, ನಮಗೂ ಇವೆ. ಆದರೂ ಆ ಒಂದು ಪತ್ರದ ಬೆಲೆ ಏನೆಂಬುದನ್ನು 2020ರಲ್ಲಿ ಬರಿಗೈಯಲ್ಲಿ ಮರಳಿದವರನ್ನು ಕೇಳಬೇಕು. ಮುಸ್ಲಿಮರಲ್ಲಿ ನಿಯತ ಸಂಬಳದ ಕೆಲಸದಲ್ಲಿರುವವರ ಪ್ರಮಾಣ ಕಡಿಮೆಯೆಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಗುತ್ತಿಗೆದಾರನ ಬಾಯಿಮಾತಿನ ಮೇಲೆ ಅಡುಗೆಮನೆ ಸೇರಿದ ಹುಡುಗ ಆ ಲೆಕ್ಕದ ಯಾವ ಕಾಲಮ್ಮಿನಲ್ಲಿ ಬರುತ್ತಾನೆ? ಬಿಲ್ಲಿನಲ್ಲಿ ಗ್ರಾಹಕರಿಂದ ಸೇವಾ ಶುಲ್ಕವನ್ನು ಕಡ್ಡಾಯವಾಗಿ ವಸೂಲು ಮಾಡಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದಾಗ, ಅದು ನೌಕರರ ಪಾಲಿನ ಹಣವೆಂದು ವಾದಿಸುತ್ತ ಹೋಟೆಲ್ ಮಾಲಕರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ನೌಕರನ ಮೇಲೆ ಅಷ್ಟು ಮಮತೆಯಿದ್ದರೆ ಅದನ್ನು ಸಂಬಳದಲ್ಲೇ ತೋರಿಸಲು ಯಾರ ಅಡ್ಡಿಯಿತ್ತು?

ಕಂಪೆನಿಗಳನ್ನು ಟೀಕಿಸಿ ಕೈತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ನಮ್ಮ ಸಮುದಾಯದವರೇ ನಡೆಸುವ ಹೋಟೆಲುಗಳು, ಬೇಕರಿಗಳು, ಬಿರಿಯಾನಿ ಅಂಗಡಿಗಳು ಎಷ್ಟಿಲ್ಲ? 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಧಾಬಾ, ಚಹಾದಂಗಡಿಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಲೋಟ ಎತ್ತುವ ಸಣ್ಣ ಕೈಗಳನ್ನು ಕಂಡು ನಾವು ಚಹಾ ಕುಡಿದು ಎದ್ದು ಬರುತ್ತೇವೆ. 'ಪಾಪ, ಮನೆಯಲ್ಲಿ ಕಷ್ಟ, ನಾವೇ ಇಟ್ಟುಕೊಂಡಿದ್ದೇವೆ' ಎಂಬ ಮಾತನ್ನು ಮಾಲಕರು ಉಪಕಾರದ ದನಿಯಲ್ಲಿ ಹೇಳುವುದೂ ಉಂಟು. ಅದೇ ಮಾಲಕರು ರಮಝಾನಿನಲ್ಲಿ ಆಹಾರ ಕಿಟ್ ಹಂಚುತ್ತಾರೆ. ಕಿಟ್ಟಿನ ಮೇಲೆ ಹೋಟೆಲಿನ ಹೆಸರು, ಫೋಟೋದಲ್ಲಿ ಸರದಿಯಲ್ಲಿ ನಿಂತ ವಿಧವೆಯರು. ಆ ಸರದಿಯಲ್ಲಿ ತನ್ನದೇ ಕೆಲಸದ ಹುಡುಗನ ತಾಯಿಯೂ ನಿಂತಿದ್ದರೆ, ಆ ಕಿಟ್ಟು ಝಕಾತೋ ಸದಕಾವೋ ಅಥವಾ ಅವಳ ಮಗನಿಗೆ ಕೊಡದೆ ಉಳಿಸಿಕೊಂಡ ಸಂಬಳವೋ? ಮಸೀದಿಯ ಜಮಾಅತ್‌ಗಳು ಈ ಪ್ರಶ್ನೆಯನ್ನು ದಾನಿಗಳ ಎದುರು ಎತ್ತಲು ಹೆದರುತ್ತವೆ, ಏಕೆಂದರೆ ಮಸೀದಿಯ ಫ್ಯಾನುಗಳ ಮೇಲೂ ಅವರದೇ ಹೆಸರಿರುತ್ತದೆ.

ಹಾಗಾದರೆ ಹೋಟೆಲ್ ಕಂಪೆನಿಗಳಿಂದ ಈ ತಾಲ್ಲೂಕುಗಳು ಏನನ್ನು ಅಪೇಕ್ಷಿಸಬೇಕು? ಚೀಲ, ಛತ್ರಿ, ಸ್ವೆಟರುಗಳನ್ನಂತೂ ಅಲ್ಲ. ಹೋಟೆಲಿಗೆ ಬಲ್ಲ ವಿದ್ಯೆ ಹೋಟೆಲಿನದು, ಅದನ್ನು ಕೊಡಲಿ. ತಾಜ್ ಹೋಟೆಲುಗಳ ಕಂಪೆನಿ 2030ರೊಳಗೆ ಒಂದು ಲಕ್ಷ ಯುವಜನರಿಗೆ ಕೌಶಲ ತರಬೇತಿಯ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಶೇ. 1ರಷ್ಟು ಈ ನಾಲ್ಕು ತಾಲ್ಲೂಕುಗಳಿಗೆ ಬಂದರೂ ಸಾವಿರ ಮಂದಿಯಾಯಿತು. ಹಾನಗಲ್ಲಿನಲ್ಲೋ ಶಿಗ್ಗಾವಿಯಲ್ಲೋ ಊಟ, ವಸತಿ, ಕಲಿಕಾ ಭತ್ಯೆಯ ಸಹಿತ ತರಬೇತಿ ಸಿಕ್ಕರೆ, ಪಾತ್ರೆ ತೊಳೆಯಲು ಹೋಗಲಿದ್ದ ಹುಡುಗ ಅಡುಗೆಯವನಾಗಿ, ಸ್ವಾಗತಕಾರನಾಗಿ, ನೇಮಕಾತಿ ಪತ್ರ ಹಿಡಿದು ಹೋದಾನು. ಹುಡುಗಿಯರಿಗೂ ಅಲ್ಲಿ ಸ್ಥಳವಿರಬೇಕು. ಮಗಳನ್ನು ಕಳುಹಿಸಲು ಹಿಂಜರಿಯುವ ಮನೆಗಳಿಗೆ ಊರಿನಲ್ಲೇ ಇರುವ ಕೇಂದ್ರಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ. ಇನ್ನೊಂದು ದಾರಿಗೆ ದಾನದ ಹೆಸರೂ ಬೇಕಾಗಿಲ್ಲ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ನಗರದ ಹೋಟೆಲುಗಳ ಮೇಜಿಗೆ ದಲ್ಲಾಳಿಗಳ ಕೈದಾಟಿ ತಲಪುವ ಬದಲು ರೈತ ಸಂಘಗಳಿಂದ ನೇರವಾಗಿ, ಮೊದಲೇ ಗೊತ್ತುಮಾಡಿದ ಬೆಲೆಗೆ ತಲಪಲಿ. ಒಂದು ವರ್ಷದ ನೇರ ಖರೀದಿ ಹತ್ತು ವರ್ಷದ ಚೀಲ ವಿತರಣೆಗಿಂತ ಹೆಚ್ಚು ಮನೆಗಳಲ್ಲಿ ಒಲೆ ಉರಿಸುತ್ತದೆ.

ಕಂಪೆನಿಯೊಂದು ನಮ್ಮ ಊರಿನ ಶಾಲೆಗೆ ಬರುವುದಾಗಿ ಹೇಳಿದರೆ ಬೇಡವೆನ್ನಬೇಕೆಂದು ನಾವು ಹೇಳುತ್ತಿಲ್ಲ. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಪೋಷಕರಾದ ನೀವೇ ಇದ್ದೀರಿ. ಒಪ್ಪಿಗೆ ಕೊಡುವ ಮೊದಲು ಕಂಪೆನಿಗೊಂದು ಪತ್ರ ಬರೆಯಿರಿ. ನಿಮ್ಮಲ್ಲಿ ಹಾವೇರಿ ಜಿಲ್ಲೆಯ ಕೆಲಸಗಾರರು ಎಷ್ಟು ಮಂದಿ, ಗುತ್ತಿಗೆದಾರನ ಮೂಲಕ ಬಂದವರೂ ಸೇರಿ ಎಷ್ಟು ಮಂದಿಗೆ ನೇಮಕಾತಿ ಪತ್ರ ಕೊಟ್ಟಿದ್ದೀರಿ ಎಂದು ಕೇಳಿರಿ. ಅಂದು ಬರುವ ಸ್ವಯಂಸೇವಕರಿಗೆ ಆ ದಿನದ ಸಂಬಳ ಇದೆಯೇ ಎಂದು ಕೇಳಿರಿ. ಮಕ್ಕಳ ಫೋಟೋ ತೆಗೆಯುವಂತಿಲ್ಲವೆಂದೂ ಕೊನೆಯಲ್ಲಿ ಸೇರಿಸಿರಿ. ಉತ್ತರ ಬಂದರೆ ಅದನ್ನು ಶಾಲೆಯ ಸೂಚನಾ ಫಲಕದಲ್ಲಿ ಹಚ್ಚಿರಿ. ಬಾರದಿದ್ದರೆ ನೀವು ಬರೆದ ಪತ್ರದ ಪ್ರತಿಯನ್ನೇ ಹಚ್ಚಿರಿ.