ಮೂರು ನಿಮಿಷದೊಳಗಿನ ರಾಗ

1972ರಲ್ಲಿ ಇಂಗ್ಲೆಂಡಿನ ಜೆನೆಸಿಸ್ ತಂಡ ‘ಸಪ್ಪರ್ಸ್ ರೆಡಿ’ ಎಂಬ ಸುಮಾರು 23 ನಿಮಿಷದ ಹಾಡು ಕಟ್ಟಿತು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ತಂಡ ನಾಲ್ಕು ನಿಮಿಷದ ಪ್ರೇಮಗೀತೆಯಿಂದ ಮನೆಮಾತಾಯಿತು. ಯೆಸ್ ತಂಡದ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಎರಡೂ ತಂಡಗಳು ಬೆಳೆದುಬಂದ ಉದ್ದುದ್ದ ಹಾಡುಗಳ ಶೈಲಿ, ಪ್ರೊಗ್ರೆಸಿವ್ ರಾಕ್‌ನ ಹಳೆಯ ಅಭಿಮಾನಿಗಳು ಮಾತ್ರ ಇವರು ಮಾರುಕಟ್ಟೆಗೆ ಶರಣಾದರೆಂದು ಬೈದರು.

ಆ ಬೈಗುಳ ನ್ಯಾಯವಲ್ಲ. ಜೆನೆಸಿಸ್‌ನ 1980ರ ‘ಟರ್ನ್ ಇಟ್ ಆನ್ ಅಗೇನ್’ ರೇಡಿಯೊಗೆ ಹೇಳಿ ಮಾಡಿಸಿದಂಥ ಪುಟ್ಟ ಹಾಡು. ಅದರ ಒಳಗೆ ಓಡುವುದು 13 ಮಾತ್ರೆಗಳ ಲೆಕ್ಕ. ತಾಳ ಹಾಕುವವರ ಕೈ ತಪ್ಪುತ್ತದೆ, ಗುನುಗುವವರಿಗೆ ಗೊತ್ತೇ ಆಗುವುದಿಲ್ಲ.

ದೊಡ್ಡ ಸಂಗೀತವನ್ನು ಪುಟ್ಟ ಹಾಡಿನಲ್ಲಿ ಹಿಡಿಸುವ ಈ ಕಷ್ಟವನ್ನು ನಮ್ಮ ಹಿಂದೂಸ್ತಾನಿ ಗಾಯಕರು ಬಹಳ ಮೊದಲೇ ಎದುರಿಸಿದ್ದರು. 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರೂ ಚಿಲ್ಲರೆ ನಿಮಿಷ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಅದರಲ್ಲೇ ಹಾಡಿದರು. ನಿಧಾನವಾಗಿ ರಾಗ ಬೆಳೆಸಲು ಪುರುಸೊತ್ತಿಲ್ಲ. ಮೊದಲ ಸ್ವರಗಳಲ್ಲೇ ಅದರ ಚಹರೆ ಮೂಡಬೇಕು, ಒಂದೆರಡು ತಾನುಗಳಲ್ಲಿ ತಾಲೀಮು ಕಾಣಬೇಕು. 1933ರಲ್ಲಿ ಗದಗ ಸೀಮೆಯ ಹನ್ನೊಂದರ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಅಂಥದೊಂದು ಪ್ಲೇಟಿನ ಸೆಳೆತಕ್ಕೆ, ಝಿಂಝೋಟಿಯ ಠುಮ್ರಿಗೆ. ಒಂದು ಬದುಕಿನ ದಿಕ್ಕು ಬದಲಿಸಿದ ಆ ಹಾಡನ್ನು ಅರೆಬರೆ ಎನ್ನಲು ಸಾಧ್ಯವೇ?

ಮುಂದೆ ಭೀಮಸೇನರೂ ಖಯಾಲಿನ ಅದೇ ದಮ್ಮನ್ನು ಮರಾಠಿ ಅಭಂಗಗಳಿಗೆ, ಕನ್ನಡದ ದಾಸರ ಪದಗಳಿಗೆ ತುಂಬಿದರು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಯೆಣೆಗೂರ, ಉಮರ್ಗಾ, ಆಚೆಯ ನಿಲಂಗಾ, ಉದಗೀರ ಎರಡು ನುಡಿಯ ಸೀಮೆ. ತುಕಾರಾಮರೂ ಪುರಂದರದಾಸರೂ ಒಂದೇ ಕಂಠದಲ್ಲಿ ಬಂದದ್ದು ಇಂಥ ಕಡೆ ಸಣ್ಣ ಮಾತಲ್ಲ. ಪುಣೆ, ಧಾರವಾಡದ ಬೈಠಕ್ಕುಗಳು ಎಟುಕದವರಿಗೂ ಆ ಹಾಡುಗಳಲ್ಲಿ ಕಿರಾಣಾ ಘರಾಣೆಯ ಸ್ವರ ಸಿಕ್ಕಿತು.

ಇಂದು ಮೊಬೈಲಿನಲ್ಲಿ ಹರಿದಾಡುವ 30 ಸೆಕೆಂಡಿನ ತಾನಿನ ತುಣುಕಿಗೆ, ಚಿಕ್ಕ ಹಾಡೂ ಪೂರ್ತಿಯಾಗಿರಬಲ್ಲದು ಎಂಬ ಈ ಮಾತು ಸಲ್ಲದು. ಅದು ದೊಡ್ಡ ಹಾಡಿನಿಂದ ಕತ್ತರಿಸಿದ ಚೂರು. ಅದಕ್ಕೆ ಸ್ಥಾಯಿ ಇಲ್ಲ, ಅಂತರಾ ಇಲ್ಲ. ಸಂಗೀತ ಶಾಲೆಗಳು ಮಕ್ಕಳಿಗೆ ಹಳೆಯ ಪ್ಲೇಟುಗಳನ್ನು ಕೇಳಿಸಬೇಕು. ಆಮೇಲೆ ಮೂರೇ ನಿಮಿಷ ಕೊಟ್ಟು ಒಂದು ಚೀಜನ್ನು ಪೂರ್ತಿ ಹಾಡಿಸಬೇಕು: ಸ್ಥಾಯಿ, ಅಂತರಾ, ಒಂದೆರಡು ತಾನು, ತಪ್ಪದೆ ಸಮಕ್ಕೆ ಬಂದು ನಿಲ್ಲುವವರೆಗೆ.