ಮಕ್ಕಳ ಗಂಟಲು ಬೇನೆಯೂ ನಮ್ಮ ಅಲಕ್ಷ್ಯವೂ

ಮಳೆಗಾಳಿ ಬೀಸತೊಡಗಿತೆಂದರೆ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿ ಮಕ್ಕಳಿಗೆ ಗಂಟಲು ಬೇನೆ ತಪ್ಪಿದ್ದಲ್ಲ. “ತಂಪು ತಿಂದಾನ, ನಾಕು ದಿನಕ್ಕ ಕಡಿಮಿ ಆಗ್ತದ” ಎಂದು ತಾಯಂದಿರು ಅರಿಷಿಣದ ಹಾಲು ಕುಡಿಸಿ ಸುಮ್ಮನಾಗುತ್ತಾರೆ. ಬಹುಮಟ್ಟಿಗೆ ಅದು ಕಡಿಮೆಯೂ ಆಗುತ್ತದೆ. ಆದರೆ ಎರಡು ಮೂರು ವಾರಗಳ ತರುವಾಯ ಅದೇ ಮಗುವಿಗೆ ಜ್ವರ ಬಂದು, ಇಂದು ಮೊಣಕಾಲು, ನಾಳೆ ಪಾದದ ಕೀಲು, ನಾಡಿದ್ದು ಮುಂಗೈ ಊದಿಕೊಂಡಾಗ, ಹಿಂದಣ ಗಂಟಲು ಬೇನೆಯ ನೆನಪು ಯಾರಿಗೂ ಆಗುವುದಿಲ್ಲ. ವಾಯುವೆಂದು ಎಣ್ಣೆ ತಿಕ್ಕುವುದರಲ್ಲಿ ಹೊತ್ತು ಕಳೆಯುತ್ತದೆ. ಈ ಎರಡು ಬೇನೆಗಳಿಗಿರುವ ಸಂಬಂಧವನ್ನರಿಯದಿರುವುದೇ ಮುಂದಿನ ಅನರ್ಥಕ್ಕೆ ಮೂಲವು.

ಮಕ್ಕಳ ಗಂಟಲು ಬೇನೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರತಕ್ಕದ್ದು. ನೆಗಡಿ ಕೆಮ್ಮುಗಳಿಲ್ಲದೆ ಒಮ್ಮೆಲೆ ಜ್ವರವೇರಿ, ಟಾನ್ಸಿಲ್‌ಗಳು ಕೆಂಪಾಗಿ ಬಾತು, ಕೊರಳ ಗಂಟುಗಳು ನೋಯುವುದು ಇದರ ಲಕ್ಷಣ. ಈ ರೋಗಾಣುವಿನೊಡನೆ ಹೋರಾಡಲೆಂದು ದೇಹವು ಹುಟ್ಟಿಸಿದ ಶಕ್ತಿಯೇ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೂ ಹೃದಯದ ಮೇಲೂ ಎರಗುತ್ತದೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15ರ ವಯಸ್ಸಿನವರೇ ಇದಕ್ಕೆ ಹೆಚ್ಚಾಗಿ ತುತ್ತಾಗುವವರು. ಕೀಲುಗಳು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತವೆ; ಹೃದಯದ ಕವಾಟಗಳಿಗಾದ ಗಾಯ ಉಳಿಯುತ್ತದೆ. 2015ರ ಒಂದೇ ವರ್ಷದಲ್ಲಿ ಈ ಹೃದ್ರೋಗದಿಂದ ಜಗತ್ತಿನಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನ ಮೃತರಾದರೆಂದೂ, ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರು ಭಾರತೀಯರೆಂದೂ ತಜ್ಞರು ಅಂದಾಜು ಮಾಡಿದ್ದಾರೆ.

ಹಾಗಾದರೆ ಟಾನ್ಸಿಲ್‌ಗಳನ್ನು ಕೊಯ್ದು ತೆಗೆಸಿದರಾಯಿತಲ್ಲವೆ ಎಂದು ಕೇಳುವವರುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪು ಅಮೇರಿಕೆಗಳ ವೈದ್ಯರು ಹೀಗೆಯೇ ತಿಳಿದು ಅಸಂಖ್ಯ ಮಕ್ಕಳ ಟಾನ್ಸಿಲ್ ಕತ್ತರಿಸಿದರು. ಪದೇ ಪದೇ ಕಾಡುವ ಬೇನೆಗೆ ಆ ಶಸ್ತ್ರಕ್ರಿಯೆ ಬೇಕಾಗಬಹುದು. ಹೃದಯವನ್ನು ಕಾಯುವ ನಂಬಿಕೆಯ ಉಪಾಯ ಅದಲ್ಲ. ಉಪಾಯವು ಪೆನಿಸಿಲಿನ್. ಗಂಟಲು ಬೇನೆ ಹತ್ತಿದ ಒಂಬತ್ತು ದಿನಗಳೊಳಗೆ ಅದನ್ನು ಕೊಟ್ಟರೆ ಈ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದೆಂಬುದು 1950ರ ಸುಮಾರಿಗೆ ಅಮೇರಿಕೆಯ ಸೈನಿಕ ಶಿಬಿರವೊಂದರಲ್ಲಿ ಸಿದ್ಧವಾಯಿತು. ಒಮ್ಮೆ ಜ್ವರ ಬಂದು ಹೋದ ಮಗುವಿಗಾದರೋ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕನಿಷ್ಠ ಐದು ವರ್ಷ, ಹೃದಯಕ್ಕೆ ಪೆಟ್ಟಾಗಿದ್ದರೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ, ತಪ್ಪದೆ ಬೇಕು.

ತಪ್ಪುವುದು ಇಲ್ಲಿಯೇ. ಮಗು ಆಡಿಕೊಂಡಿರುವಾಗ ಬಡ ತಂದೆ ಒಂದು ದಿನದ ಕೂಲಿ ಬಿಟ್ಟು ಕಲಘಟಗಿಯಿಂದಲೋ ನವಲಗುಂದದಿಂದಲೋ ಹುಬ್ಬಳ್ಳಿಗೆ ಎಷ್ಟು ಸಲ ಬಂದಾನು? ಔಷಧವು ಅಗ್ಗವಾದುದರಿಂದ ತಯಾರಕರಿಗೆ ಅದರಲ್ಲಿ ಲಾಭ ಕಡಿಮೆ. ಒಗ್ಗದೆ ಅಪಾಯವಾದೀತೆಂಬ ಭಯದಿಂದ ಕೆಲವು ವೈದ್ಯರೂ ಹಿಂಜರಿಯುತ್ತಾರೆ. ಅಂಥ ಅಪಾಯ ಅತಿ ವಿರಳ. ಅದನ್ನೆದುರಿಸುವ ಸಿದ್ಧತೆಯಿರುವ ಕಡೆ ಕೊಟ್ಟರೆ ಸಾಕು.

ಆದಕಾರಣ ಅಧಿಕಾರಿಗಳ ಲಕ್ಷ್ಯವನ್ನು ಮೂರು ಸಂಗತಿಗಳತ್ತ ಸೆಳೆಯಬಯಸುತ್ತೇವೆ. ಈ ಚುಚ್ಚುಮದ್ದು ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಜಿಲ್ಲಾ ಆಸ್ಪತ್ರೆಗಳಲ್ಲಷ್ಟೇ ಅಲ್ಲದೆ, ಮಹಾನಗರಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆಯಲ್ಲಿಯೂ ತಾಲೂಕಿನ ದವಾಖಾನೆಗಳಲ್ಲಿಯೂ ಎಂದೆಂದಿಗೂ ಸಿಗುವಂತಿರಲಿ. ರೋಗಿ ಮಕ್ಕಳ ಪಟ್ಟಿಯೊಂದು ಜಿಲ್ಲೆಗೆಲ್ಲ ಇದ್ದು, ವಾಯಿದೆ ತಪ್ಪಿದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ ವಿಚಾರಿಸಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಯಾದಿಯಲ್ಲಿ ಈ ಹೃದ್ರೋಗದ ಹೆಸರು ಇದ್ದೇ ಇದೆ. ಶಾಲೆಗೆ ಬರುವ ವೈದ್ಯರು ಹಲ್ಲು ಕಣ್ಣುಗಳ ಜತೆಗೆ ಪ್ರತಿಯೊಂದು ಮಗುವಿನ ಎದೆಗೂ ಸ್ಟೆತಾಸ್ಕೋಪ್ ಹಚ್ಚಲಿ.

ಇದು ಸಿರಿವಂತ ದೇಶಗಳಿಗೆ ಮಾತ್ರ ಸಾಧ್ಯವೆನ್ನಬಾರದು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ 1986ರಿಂದ 1996ರ ವರೆಗೆ ರೋಗಿಗಳ ಪಟ್ಟಿ, ಜನಶಿಕ್ಷಣ, ತಪ್ಪದ ಪೆನಿಸಿಲಿನ್ ಇವುಗಳಿಂದಲೇ ಈ ಜ್ವರವನ್ನು ಬಹಳಷ್ಟು ಇಳಿಸಿದರು. ಅವರಿಂದಾದುದು ನಮ್ಮಿಂದೇಕಾಗದು? ಕೆಟ್ಟ ಕವಾಟವನ್ನು ಬದಲಿಸಲು ಲಕ್ಷ ಲಕ್ಷ ರೂಪಾಯಿ ವೆಚ್ಚ ಮಾಡುವುದಕ್ಕಿಂತ, ಅಗ್ಗದ ಒಂದು ಚುಚ್ಚುಮದ್ದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಲೇಸು. ಪಾಲಕರೂ ಮಗುವಿನ ಗಂಟಲು ನೋವು ಜ್ವರದೊಡನೆ ಬಂದಾಗ ಅರಿಷಿಣದ ಹಾಲಿಗೇ ನಿಲ್ಲದೆ ದವಾಖಾನೆಯ ಮೆಟ್ಟಿಲೇರಬೇಕು.